ಕೋಲಿನಿಂದ ಕ್ಲಿಕ್ಕರಿಗೆ: ನಾಯಿಗೆ ಕಲಿಸುತ್ತ ಮನುಷ್ಯ ಕಲಿತದ್ದು

ಗೇಟು ತೆರೆದಿದ್ದ ಹೊತ್ತು ನೋಡಿ ಸಾಕುನಾಯಿಯೊಂದು ಬೀದಿಗೆ ಓಡಿತು ಎಂದುಕೊಳ್ಳಿ. ಯಜಮಾನರು ಹೆಸರು ಹಿಡಿದು ಕೂಗುತ್ತಾರೆ. ಅದು ತಿರುಗಿಯೂ ನೋಡುವುದಿಲ್ಲ. ಹತ್ತು ನಿಮಿಷ ಕೂಗಿಸಿಕೊಂಡು, ಬೀದಿಯ ಕಂಬಗಳನ್ನೆಲ್ಲ ಮೂಸಿ ಮುಗಿಸಿ, ಕೊನೆಗೆ ಬಾಲ ಅಲ್ಲಾಡಿಸುತ್ತ ಅವರ ಕಾಲ ಬಳಿ ಬಂದು ನಿಲ್ಲುತ್ತದೆ. ಸಿಟ್ಟಿನಲ್ಲಿದ್ದ ಯಜಮಾನರು ಕತ್ತುಪಟ್ಟಿ ಹಿಡಿದು ಎರಡು ಬಾರಿಸುತ್ತಾರೆ. ಇನ್ನೊಮ್ಮೆ ಓಡಿಹೋಗದಿರಲಿ ಎಂಬುದು ಅವರ ಉದ್ದೇಶ. ಈಗ ಹೇಳಿ, ನಾಯಿ ಏನನ್ನು ಕಲಿಯಿತು?

ಓಡಿಹೋದಾಗ ಅದಕ್ಕೆ ಸಿಕ್ಕಿದ್ದು ಬೀದಿಯ ಬಗೆಬಗೆಯ ವಾಸನೆಗಳ ಸುಖ. ಮರಳಿ ಬಂದಾಗ ಸಿಕ್ಕಿದ್ದು ಏಟು. ಮುಂದಿನ ಸಲ ಅದು ಇನ್ನಷ್ಟು ತಡವಾಗಿ ಬಂದರೆ, ಅಥವಾ ಕೈಗೆ ಸಿಗದಂತೆ ನಾಲ್ಕು ಮಾರು ದೂರದಲ್ಲೇ ನಿಂತರೆ, ನಾವು ಅದನ್ನು ಮೊಂಡ ಎನ್ನುತ್ತೇವೆ. ವಾಸ್ತವದಲ್ಲಿ ಅದು ಒಳ್ಳೆಯ ವಿದ್ಯಾರ್ಥಿ. ಕಲಿಸಿದ ಪಾಠವನ್ನೇ ಕಲಿತಿದೆ. ಕಲಿಸಿದವರಿಗೆ ಮಾತ್ರ ತಾವು ಯಾವ ಪಾಠ ಹೇಳಿದೆವೆಂದು ತಿಳಿದಿಲ್ಲ.

ಇಷ್ಟು ಸರಳವಾದ ಸಂಗತಿಯನ್ನು ವಿಜ್ಞಾನ ಖಚಿತವಾಗಿ ಅರಿತುಕೊಳ್ಳಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕಾಲದಲ್ಲಿ ನಾಯಿಗೆ ಕಲಿಸುವ ಕ್ರಮ ಬದಲಾಯಿತು. ಜತೆಗೆ ನಾಯಿ ಎಂದರೇನು, ಕಲಿಕೆ ಎಂದರೇನು ಎಂಬ ನಮ್ಮ ತಿಳಿವಳಿಕೆಯೂ ಬದಲಾಯಿತು. ಆ ಕಥೆಯನ್ನು ಇಲ್ಲಿ ನೋಡೋಣ.

ಕಲ್ಲಿನಲ್ಲಿ ಉಳಿದ ನಂಟು

ನಾಯಿ ಮನುಷ್ಯನ ಮೊದಲ ಸಾಕುಪ್ರಾಣಿ. ಹಸು, ಕುರಿ, ಕುದುರೆಗಳೆಲ್ಲ ಬಂದದ್ದು ಅದರ ಅನಂತರ. ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಹಳೆಯ ಸಮಾಧಿ ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಹಾಗೂ ಒಂದು ನಾಯಿಯ ಮೂಳೆಗಳಿದ್ದವು. ಕಾಲ ಸುಮಾರು 14,000 ವರ್ಷಗಳ ಹಿಂದಿನದು. ಅಂದರೆ ಬೇಸಾಯ ಇನ್ನೂ ಹುಟ್ಟಿರಲಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಆ ನಾಯಿಯ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದರು. ಸಾಯುವಾಗ ಅದಕ್ಕೆ ಸುಮಾರು ಏಳು ತಿಂಗಳು. ಹಲ್ಲಿನ ಎನಾಮಲ್ ಮೇಲಿದ್ದ ಗುರುತುಗಳು ಡಿಸ್ಟೆಂಪರ್ ಎಂಬ ವೈರಸ್ ರೋಗವನ್ನು ಸೂಚಿಸುತ್ತಿದ್ದವು. ಈ ರೋಗ ತೀವ್ರವಾಗಿ ತಗುಲಿದ ಮರಿ ಯಾರ ಆರೈಕೆಯೂ ಇಲ್ಲದಿದ್ದರೆ ಸಾಮಾನ್ಯವಾಗಿ ಮೂರು ವಾರಗಳೊಳಗೇ ಸಾಯುತ್ತದೆ. ಈ ಮರಿಯಾದರೋ ಹಲವು ವಾರ ಬದುಕಿತ್ತು. ಬೇಟೆಗೂ ಕಾವಲಿಗೂ ಬಾರದ ಆ ರೋಗಿಷ್ಠ ಮರಿಯನ್ನು ಯಾರೋ ಬೆಚ್ಚಗಿಟ್ಟು, ನೀರು ಕುಡಿಸಿ ನೋಡಿಕೊಂಡಿದ್ದರು ಎಂಬುದೇ ಇದಕ್ಕೆ ಸಮಂಜಸವಾದ ವಿವರಣೆ.

ನಮ್ಮ ನಾಡಿನಲ್ಲೂ ಇಂಥ ನಂಟಿಗೆ ಸಾಕ್ಷಿ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೀವು ಕೇಳಿರಬಹುದು. ಅದರ ಕಾಲ ಶಕ ವರ್ಷ 872, ಎಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಇಮ್ಮಡಿ ಬೂತುಗ, ತನ್ನ ಸೇವಕ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದದ್ದನ್ನು ಬೇಡಿಕೋ ಎನ್ನುತ್ತಾನೆ. ಮಣಲೇರ ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಅದಕ್ಕಾಗಿ ಊರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿದ. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟ. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಗೆ ಬೇಟೆ ಕಲಿಸಿದವರು ಯಾರು, ಹೇಗೆ ಕಲಿಸಿದರು ಎಂಬುದನ್ನು ಶಾಸನ ಹೇಳುವುದಿಲ್ಲ. ಪ್ರಾಚೀನ ಕಾಲದಲ್ಲಿ ಈ ವಿದ್ಯೆ ಬಹುಮಟ್ಟಿಗೆ ಕೈಯಿಂದ ಕೈಗೆ ಬರುತ್ತಿತ್ತು. ಬರೆದಿಟ್ಟವರು ವಿರಳ. ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಅಂಥವರಲ್ಲೊಬ್ಬ. ನಾಯಿಗೆ ಚಿಕ್ಕ ಹೆಸರಿಡಿ, ಕರೆಯಲು ಸುಲಭ ಎಂದು ಅವನು ಬೇಟೆಯ ಬಗೆಗಿನ ಪುಸ್ತಕದಲ್ಲಿ ಹೇಳುತ್ತಾನೆ. ಮರಿಗೆ ಅನ್ನ ಹಾಕುವ ಕೆಲಸವನ್ನು ಯಜಮಾನನೇ ಮಾಡಬೇಕು, ಏಕೆಂದರೆ ಹಸಿದಾಗ ಉಣಿಸಿದವನನ್ನು ಅದು ಪ್ರೀತಿಸುತ್ತದೆ ಎಂದೂ ಹೇಳುತ್ತಾನೆ. ಇವೆರಡೂ ಇಂದಿಗೂ ಸಲ್ಲುವ ಮಾತುಗಳು. ಆದರೆ ಇದೆಲ್ಲ ಅನುಭವದ ಮಾತು. ಕಾರಣ ತಿಳಿಯಬೇಕಾದರೆ ಪ್ರಯೋಗ ಬೇಕು. ಅದಕ್ಕೆ 19ನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಟೋನಿ ತೆರೆದ ಗೇಟು

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಲಾಯ್ಡ್ ಮಾರ್ಗನ್ ಎಂಬ ಪ್ರಾಧ್ಯಾಪಕರಿದ್ದರು. ಅವರ ಬಳಿ ಟೋನಿ ಎಂಬ ಫಾಕ್ಸ್ ಟೆರಿಯರ್ ನಾಯಿ ಇತ್ತು. ಮನೆಯ ಕಬ್ಬಿಣದ ಗೇಟಿನ ಅಗುಳಿಯನ್ನು ಅದು ತಲೆಯಿಂದ ಎತ್ತಿ, ಗೇಟು ತೆರೆದುಕೊಂಡು ರಸ್ತೆಗೆ ಹೋಗುತ್ತಿತ್ತು. ನೋಡಿದವರು ನಾಯಿಗೆ ಅಗುಳಿಯ ತತ್ತ್ವ ತಿಳಿದಿದೆ ಎಂದು ಬೆರಗಾಗುತ್ತಿದ್ದರು. ಮಾರ್ಗನ್ ಬೆರಗಾಗಲಿಲ್ಲ. ಏಕೆಂದರೆ ಅವರು ಮೊದಲಿನಿಂದಲೂ ಗಮನಿಸಿದ್ದರು. ಟೋನಿ ಹೊರಗಿನ ರಸ್ತೆಯನ್ನು ನೋಡಲು ಕಂಬಿಗಳ ನಡುವೆ ಅಲ್ಲಿಲ್ಲಿ ತಲೆ ತೂರಿಸುತ್ತಿತ್ತು. ಒಮ್ಮೆ ಅಕಸ್ಮಾತ್ತಾಗಿ ತಲೆ ಅಗುಳಿಯ ಕೆಳಗೆ ಹೊಕ್ಕು, ಅದು ಎತ್ತಿಕೊಂಡು, ಗೇಟು ತೆರೆಯಿತು. ಆಮೇಲೂ ಅದು ಬೇಡದ ಕಂಬಿಗಳ ನಡುವೆ ತಲೆ ತೂರಿಸುತ್ತಲೇ ಇತ್ತು. ತಪ್ಪು ಪ್ರಯತ್ನಗಳು ನಿಧಾನವಾಗಿ ಕಡಮೆಯಾದವು. ನೇರವಾಗಿ ಅಗುಳಿಯ ಬಳಿಗೇ ಹೋಗಲು ಸುಮಾರು ಮೂರು ವಾರ ಬೇಕಾಯಿತು.

ಇದರಿಂದ ಮಾರ್ಗನ್ ಒಂದು ನಿಯಮಕ್ಕೆ ಬಂದರು. ಪ್ರಾಣಿಯ ವರ್ತನೆಯನ್ನು ಸರಳವಾದ ಮಾನಸಿಕ ಕ್ರಿಯೆಯಿಂದ ವಿವರಿಸಲು ಸಾಧ್ಯವಿರುವಾಗ, ಅದಕ್ಕಿಂತ ಮೇಲಿನ ಬುದ್ಧಿಶಕ್ತಿಯನ್ನು ಅದಕ್ಕೆ ಆರೋಪಿಸಬಾರದು. 1894ರ ಅವರ ಪುಸ್ತಕದಲ್ಲಿ ಬಂದ ಈ ಮಾತು ‘ಮಾರ್ಗನ್ ಸೂತ್ರ’ ಎಂದು ಹೆಸರಾಯಿತು. ಭೌತವಿಜ್ಞಾನದಲ್ಲೂ ನಾವು ಅನುಸರಿಸುವುದು ಇದನ್ನೇ. ಕಡಮೆ ಊಹೆಗಳಲ್ಲಿ ವಿವರಣೆ ಸಿಗುವುದಾದರೆ ಹೆಚ್ಚಿನ ಊಹೆ ಏಕೆ?

ನಾಲ್ಕು ವರ್ಷಗಳ ಬಳಿಕ, 1898ರಲ್ಲಿ, ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಈ ಅವಲೋಕನಕ್ಕೆ ಅಳತೆಯನ್ನು ಕೂಡಿಸಿದರು. ಹಳೆಯ ಮರದ ಪೆಟ್ಟಿಗೆಗಳಿಗೆ ಬಾಗಿಲು, ದಾರ, ಸನ್ನೆ ಅಳವಡಿಸಿ ಅದರೊಳಗೆ ಹಸಿದ ಬೆಕ್ಕು ಅಥವಾ ನಾಯಿಯನ್ನು ಬಿಡುತ್ತಿದ್ದರು. ಹೊರಗೆ ಆಹಾರ. ಪ್ರಾಣಿ ಹೊರಬರಲು ಹಿಡಿದ ಸಮಯವನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಒಂದು ಬೆಕ್ಕು ಮೊದಲ ಸಲ 160 ಸೆಕೆಂಡು ತೆಗೆದುಕೊಂಡಿತು. ಇಪ್ಪತ್ತನಾಲ್ಕನೆಯ ಸಲಕ್ಕೆ ಅದು 7 ಸೆಕೆಂಡಿಗೆ ಇಳಿದಿತ್ತು. ನಕ್ಷೆ ಬಿಡಿಸಿದಾಗ ರೇಖೆ ಏರುತ್ತ ಇಳಿಯುತ್ತ ಕ್ರಮೇಣ ಕೆಳಗೆ ಬಂದಿತ್ತು. ‘ಹೊಳೆಯಿತು’ ಎನ್ನುವಂಥ ಒಂದೇ ಕ್ಷಣ ಎಲ್ಲೂ ಕಾಣಲಿಲ್ಲ. ಹಿತವಾದ ಫಲ ಕೊಟ್ಟ ಕ್ರಿಯೆ ಬಲಗೊಳ್ಳುತ್ತದೆ, ಅಹಿತವಾದದ್ದು ಸಡಿಲವಾಗುತ್ತದೆ ಎಂಬ ‘ಪರಿಣಾಮ ನಿಯಮ’ವನ್ನು ಅವರು ಇದರ ಮೇಲೆ ರೂಪಿಸಿದರು.

ಜೊಲ್ಲಿನ ಹನಿಗಳ ಲೆಕ್ಕ

ಇದೇ ಸುಮಾರಿಗೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇವಾನ್ ಪಾವ್ಲೊವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಸಿಸುತ್ತಿದ್ದರು. 1904ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು ಈ ಜೀರ್ಣಕ್ರಿಯೆಯ ಕೆಲಸಕ್ಕೆ. ಆದರೆ ಇಂದು ಅವರ ಹೆಸರು ಉಳಿದಿರುವುದು ಆ ಕೆಲಸದ ನಡುವೆ ಎದುರಾದ ಒಂದು ತೊಡಕಿನಿಂದಾಗಿ. ಬಾಯಿಗೆ ಆಹಾರ ಬೀಳುವ ಮೊದಲೇ, ತಟ್ಟೆ ತರುವವನ ಹೆಜ್ಜೆಯ ಸದ್ದಿಗೇ, ನಾಯಿಗಳು ಜೊಲ್ಲು ಸುರಿಸತೊಡಗಿದ್ದವು. ಬೇರೆಯವರು ಇದನ್ನು ಪ್ರಯೋಗದ ದೋಷವೆಂದು ಬದಿಗಿಡುತ್ತಿದ್ದರೇನೋ. ಪಾವ್ಲೊವ್ ಅದನ್ನೇ ಹಿಡಿದರು.

ಮೆಟ್ರೊನೋಮ್ ಎಂಬ ತಾಳಯಂತ್ರದ ಟಿಕ್ ಟಿಕ್ ಸದ್ದು, ಬಳಿಕ ಆಹಾರ. ಹೀಗೆ ಹಲವು ಸಲ ಮಾಡಿದ ಮೇಲೆ ಬರಿಯ ಸದ್ದಿಗೇ ಜೊಲ್ಲು ಬರುತ್ತಿತ್ತು. ಹನಿಗಳನ್ನು ಎಣಿಸಬಹುದಾಗಿತ್ತು. ಇದನ್ನು ‘ಅನುಬಂಧಿತ ಪ್ರತಿವರ್ತನೆ’ ಎನ್ನುತ್ತಾರೆ. ಅರ್ಥವಿಲ್ಲದ ಸಂಕೇತವೊಂದು ಅರ್ಥವುಳ್ಳ ಘಟನೆಗೆ ಗಂಟು ಬಿದ್ದು, ತಾನೂ ಅರ್ಥ ಪಡೆಯುವುದು ಎಂದು ಇದರ ತಾತ್ಪರ್ಯ.

ಇದರಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಕಾಲದ ಅಂಶ. ಸದ್ದು ಮೊದಲು, ಆಹಾರ ಆಮೇಲೆ ಬಂದರೆ ಗಂಟು ಬೀಳುತ್ತದೆ. ಆಹಾರ ಮೊದಲು ಕೊಟ್ಟು ಆಮೇಲೆ ಸದ್ದು ಮಾಡಿದರೆ ಬಹುಮಟ್ಟಿಗೆ ಬೀಳುವುದಿಲ್ಲ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಂಟು ಸಡಿಲ. ಲೇಖನದ ಮೊದಲಿಗೆ ಬಂದ ಯಜಮಾನರ ಏಟು ಏಕೆ ಗುರಿ ತಪ್ಪಿತು ಎಂಬುದಕ್ಕೆ ಉತ್ತರ ಇಲ್ಲಿದೆ. ಏಟು ಮತ್ತು ಓಡಿಹೋದ ಕ್ರಿಯೆಯ ನಡುವೆ ಹತ್ತು ನಿಮಿಷವಿತ್ತು. ಏಟು ಮತ್ತು ಹತ್ತಿರ ಬಂದ ಕ್ರಿಯೆಯ ನಡುವೆ ಎರಡು ಸೆಕೆಂಡಿತ್ತು.

ಈ ಪ್ರಯೋಗಗಳಿಗಾಗಿ ನಾಯಿಗಳು ಶಸ್ತ್ರಕ್ರಿಯೆಗೆ ಒಳಗಾದವು, ಪಟ್ಟಿಗಳಲ್ಲಿ ಬಂಧಿಯಾಗಿ ನಿಂತವು ಎಂಬುದನ್ನೂ ಮರೆಯಬಾರದು. 1935ರಲ್ಲಿ ಅದೇ ಸಂಸ್ಥೆಯ ಆವರಣದಲ್ಲಿ ನಾಯಿಯ ಸ್ಮಾರಕವೊಂದನ್ನು ನಿಲ್ಲಿಸಲಾಯಿತು. ಆತಕೂರಿನ ಕಲ್ಲಿನಂತೆ ಅದೂ ಒಂದು ಋಣದ ಗುರುತು.

ಕೋಲು ಎಷ್ಟು ದೂರ ಮುಟ್ಟೀತು?

ಪ್ರಯೋಗಶಾಲೆಯ ಈ ತಿಳಿವಳಿಕೆ ತರಬೇತಿ ಮೈದಾನಕ್ಕೆ ಕೂಡಲೇ ಇಳಿಯಲಿಲ್ಲ. ಅಲ್ಲಿ ಬೇರೆಯೇ ಪರಂಪರೆ ಬೆಳೆಯುತ್ತಿತ್ತು. ಜರ್ಮನಿಯ ಪೊಲೀಸ್ ಅಧಿಕಾರಿ ಕೋನ್ರಾಡ್ ಮೋಸ್ಟ್ 1910ರಲ್ಲಿ ನಾಯಿ ತರಬೇತಿಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಪ್ರತಿಫಲವಾಗಲಿ ಶಿಕ್ಷೆಯಾಗಲಿ ಆ ಕ್ಷಣದಲ್ಲೇ ದೊರೆಯಬೇಕು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆದರೆ ಅವರ ಪದ್ಧತಿಯಲ್ಲಿ ಬಲವಂತಕ್ಕೆ ದೊಡ್ಡ ಪಾಲು. ಬೆತ್ತ, ಮುಳ್ಳಿನ ಕತ್ತುಪಟ್ಟಿ, ಸರಪಳಿಯ ಜಗ್ಗಾಟ ಎಲ್ಲವೂ ಅಲ್ಲಿದ್ದವು. ಮುಂದಿನ ಹಲವು ದಶಕಗಳ ಪೊಲೀಸ್ ಹಾಗೂ ಸೈನ್ಯದ ತರಬೇತಿಗೆ ಇದೇ ಮಾದರಿಯಾಯಿತು. ಅಲ್ಲಿಂದ ಅದು ಮನೆಗಳಿಗೂ ಬಂತು.

ಬಲವಂತಕ್ಕೆ ಒಂದು ಮಿತಿ ಇದೆ. ಬಲಗಳ ಪಾಠ ಹೇಳುವವರು ಯಾವುದೇ ಬಲದ ವ್ಯಾಪ್ತಿ ಎಷ್ಟು ಎಂದು ಮೊದಲು ಕೇಳುತ್ತಾರೆ. ಕೋಲಿನ ವ್ಯಾಪ್ತಿ ಒಂದು ಮಾರು. ಹಗ್ಗದ್ದು ಐದಾರು ಮಾರು. ಅದರಾಚೆ ಏನು? ಮೊದಲ ಮಹಾಯುದ್ಧ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಟ್ಟಿತು.

ಫಿರಂಗಿ ದಾಳಿಗೆ ಟೆಲಿಫೋನ್ ತಂತಿಗಳು ತುಂಡಾಗುತ್ತಿದ್ದ ಆ ಯುದ್ಧದಲ್ಲಿ ಸಂದೇಶ ಒಯ್ಯಲು ನಾಯಿಗಳನ್ನು ಬಳಸಿದರು. ಬ್ರಿಟಿಷ್ ಸೈನ್ಯಕ್ಕಾಗಿ ಕರ್ನಲ್ ಎಡ್ವಿನ್ ರಿಚರ್ಡ್‌ಸನ್ 1917ರಲ್ಲಿ ಶೂಬರಿನೆಸ್ ಎಂಬಲ್ಲಿ ತರಬೇತಿ ಶಾಲೆ ತೆರೆದರು. ನಾಯಿಯ ಪಾಲಕ ಹಿಂದಿನ ಠಾಣೆಯಲ್ಲಿ ಉಳಿಯುತ್ತಿದ್ದ. ಬೇರೆ ಸೈನಿಕರು ನಾಯಿಯನ್ನು ಮುಂಚೂಣಿಗೆ ಕರೆದೊಯ್ದು, ಕೊರಳಿನ ಕೊಳವೆಯಲ್ಲಿ ಕಾಗದವಿಟ್ಟು ಬಿಟ್ಟುಬಿಡುತ್ತಿದ್ದರು. ಅದು ಕೆಸರು, ತಂತಿಬೇಲಿ, ಗುಂಡಿನ ಸದ್ದು ಎಲ್ಲವನ್ನೂ ದಾಟಿ ಒಂಟಿಯಾಗಿ ಪಾಲಕನ ಬಳಿಗೆ ಓಡಬೇಕು. ದಾರಿಯಲ್ಲಿ ಅದನ್ನು ಹೊಡೆಯಲು, ಜಗ್ಗಲು ಯಾರೂ ಇಲ್ಲ. ಪಾಲಕನನ್ನು ಸೇರುವ ಆಸೆ ಒಂದೇ ಅದನ್ನು ಓಡಿಸಬೇಕು. ಹಾಗಾಗಿ ರಿಚರ್ಡ್‌ಸನ್ನರ ಶಾಲೆಯಲ್ಲಿ ತಪ್ಪು ಮಾಡಿದ ನಾಯಿಗೂ ಶಿಕ್ಷೆ ಇರಲಿಲ್ಲ. ಪಾಠವನ್ನು ಮತ್ತೊಮ್ಮೆ ತೋರಿಸಿಕೊಡುತ್ತಿದ್ದರು, ಅಷ್ಟೇ. ನಾಯಿಯೊಂದಿಗೆ ಒರಟಾಗಿ ನಡೆದುಕೊಂಡ ಸೈನಿಕನನ್ನು ತರಬೇತಿಯಿಂದ ಕೂಡಲೇ ತೆಗೆದುಹಾಕಬೇಕೆಂದು ಅವರು ಬರೆದರು.

ಅದೇ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಆರಂಭವಾಯಿತು. ಅಂಥ ನಾಯಿಗಳ ಬಗ್ಗೆ ಡೊರೊತಿ ಯೂಸ್ಟಿಸ್ 1927ರಲ್ಲಿ ಬರೆದ ಲೇಖನವನ್ನು ಓದಿಸಿಕೊಂಡು ಕೇಳಿದ ಮಾರಿಸ್ ಫ್ರಾಂಕ್ ಎಂಬ ಅಂಧ ಅಮೆರಿಕನ್ ತರುಣ ಸ್ವಿಟ್ಸರ್ಲೆಂಡಿಗೆ ಹೋಗಿ, ಬಡ್ಡಿ ಎಂಬ ನಾಯಿಯೊಡನೆ 1928ರಲ್ಲಿ ಊರಿಗೆ ಮರಳಿದ. ಮರುವರ್ಷವೇ ಅಮೆರಿಕದಲ್ಲಿ ‘ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು.

ಮಾರ್ಗದರ್ಶಿ ನಾಯಿಯ ಪಾಠದಲ್ಲಿ ಒಂದು ವಿಚಿತ್ರ ಅಂಶವಿದೆ. ಯಜಮಾನ ‘ಮುಂದೆ ನಡೆ’ ಎಂದಾಗ ಎದುರಿಗೆ ಕಾರು ಬರುತ್ತಿದ್ದರೆ ನಾಯಿ ನಡೆಯಬಾರದು. ಅಪ್ಪಣೆಯನ್ನು ಮೀರಬೇಕು! ಬರಿಯ ಹೆದರಿಕೆಯಿಂದ ಕಲಿತ ನಾಯಿ ಇಂಥ ಅವಿಧೇಯತೆಗೆ ಧೈರ್ಯ ಮಾಡೀತೇ? ವಿಧೇಯತೆಯೇ ತರಬೇತಿಯ ಕೊನೆಯ ಗುರಿ ಎಂಬ ನಂಬಿಕೆಯನ್ನು ಈ ಶಾಲೆಗಳು ಸದ್ದಿಲ್ಲದೆ ಪ್ರಶ್ನಿಸಿದವು.

ಒಂದು ಸದ್ದಿನ ಸೇತುವೆ

ಕೋಲಿಲ್ಲದೆ ಕಲಿಸುವುದು ಸರಿ, ಆದರೆ ನಾಯಿ ದೂರದಲ್ಲಿದ್ದಾಗ ಸರಿಯಾದ ಕ್ಷಣಕ್ಕೆ ಪ್ರತಿಫಲ ಕೊಡುವುದು ಹೇಗೆ? ನಾಯಿ ಕುಳಿತಾಗ ನೀವು ಜೇಬಿಗೆ ಕೈಹಾಕಿ ಬಿಸ್ಕತ್ತು ತೆಗೆಯುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ. ಆಗ ನೀವು ಕೊಟ್ಟ ಬಿಸ್ಕತ್ತು ಎದ್ದದ್ದಕ್ಕೆ ಸಂದಾಯವಾಯಿತು. ಈ ಕಾಲವಿಳಂಬದ ಸಮಸ್ಯೆಗೆ ಉಪಾಯ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಪಾರಿವಾಳಗಳಿಂದ.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1943ರಲ್ಲಿ ಮಿನಿಯಾಪೊಲಿಸ್‌ನ ಹಿಟ್ಟಿನ ಗಿರಣಿಯೊಂದರ ಮೇಲಂತಸ್ತಿನಲ್ಲಿ, ಬಾಂಬುಗಳನ್ನು ಗುರಿಯತ್ತ ನಡೆಸಲು ಪಾರಿವಾಳಗಳಿಗೆ ಕಲಿಸುವ ಯೋಜನೆಯಲ್ಲಿದ್ದರು. ಬಿಡುವಿನಲ್ಲಿ ಒಂದು ದಿನ ಪಾರಿವಾಳಕ್ಕೆ ಮರದ ಚೆಂಡನ್ನು ಕೊಕ್ಕಿನಿಂದ ಹೊಡೆಯುವುದನ್ನು ಕಲಿಸಲು ಹೊರಟರು. ಇಡೀ ಹೊಡೆತಕ್ಕಾಗಿ ಕಾದರೆ ಅದು ಬರಲೇ ಇಲ್ಲ. ಆಗ ಚೆಂಡಿನತ್ತ ನೋಡಿದರೂ ಸಾಕು ಕಾಳು, ಕೊಕ್ಕು ಚೆಂಡಿನ ಬಳಿ ಬಂದರೆ ಕಾಳು, ಮುಟ್ಟಿದರೆ ಕಾಳು, ಹೀಗೆ ಹಂತಹಂತವಾಗಿ ಏರಿಸಿದರು. ಕೆಲವೇ ನಿಮಿಷಗಳಲ್ಲಿ ಪಾರಿವಾಳ ಚೆಂಡಾಟಗಾರನಂತೆ ಹೊಡೆಯತೊಡಗಿತು. ಟೋನಿಗೆ ಆಕಸ್ಮಿಕದ ಹಾದಿಯಲ್ಲಿ ಮೂರು ವಾರ ಹಿಡಿದಿತ್ತು. ಹಂತಗಳನ್ನು ಕಲಿಸುವವನೇ ಹೆಣೆದುಕೊಟ್ಟರೆ ನಿಮಿಷಗಳು ಸಾಕಾದವು.

1951ರಲ್ಲಿ ಸ್ಕಿನ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮನೆಯ ನಾಯಿಗೆ ಕಲಿಸುವ ಕ್ರಮವನ್ನು ಸಾಮಾನ್ಯ ಓದುಗರಿಗೆ ವಿವರಿಸಿದರು. ಮಕ್ಕಳ ಆಟಿಕೆಯ ‘ಕಟಕ್’ ಸದ್ದನ್ನು ಮೊದಲು ಆಹಾರದೊಂದಿಗೆ ಗಂಟು ಹಾಕಿ. ಇದು ಪಾವ್ಲೊವ್ ಹೇಳಿದ ಪಾಠ. ಬಳಿಕ ನಾಯಿ ಬೇಕಾದ ಕೆಲಸ ಮಾಡಿದ ಕ್ಷಣದಲ್ಲೇ ಆ ಸದ್ದು ಮಾಡಿ, ಆಮೇಲೆ ನಿಧಾನವಾಗಿ ತಿನಿಸು ಕೊಡಿ. ಇದು ಥಾರ್ನ್‌ಡೈಕ್ ಹೇಳಿದ ಪಾಠ. ಕ್ರಿಯೆಗೂ ತಿನಿಸಿಗೂ ನಡುವಿನ ಅಂತರದ ಮೇಲೆ ಸದ್ದು ಸೇತುವೆಯಾಗುತ್ತದೆ. ಎರಡು ಹಳೆಯ ಆವಿಷ್ಕಾರಗಳು ಒಂದು ಅಗ್ಗದ ಆಟಿಕೆಯಲ್ಲಿ ಕೂಡಿಕೊಂಡವು.

ಸ್ಕಿನ್ನರ್ ಜತೆ ಗಿರಣಿಯಲ್ಲಿ ಕೆಲಸ ಮಾಡಿದ್ದ ಕೆಲ್ಲರ್ ಬ್ರೆಲಂಡ್ ಮತ್ತು ಅವರ ಪತ್ನಿ ಮೇರಿಯನ್ ಇದನ್ನು ವೃತ್ತಿಯಾಗಿಸಿಕೊಂಡು ನೂರಕ್ಕೂ ಹೆಚ್ಚು ಪ್ರಾಣಿಜಾತಿಗಳಿಗೆ ತರಬೇತಿ ಕೊಟ್ಟರು. ಇದರ ಮಿತಿಯನ್ನು ಪ್ರಾಮಾಣಿಕವಾಗಿ ಪ್ರಕಟಿಸಿದವರೂ ಅವರೇ. ನಾಣ್ಯಗಳನ್ನು ಡಬ್ಬಿಗೆ ಹಾಕಲು ಕಲಿತ ರಕೂನ್ ಪ್ರಾಣಿ ಕೆಲ ಕಾಲದ ಬಳಿಕ ನಾಣ್ಯಗಳನ್ನು ಕೈಯಲ್ಲಿಟ್ಟು ಉಜ್ಜುತ್ತ ಕುಳಿತುಬಿಡುತ್ತಿತ್ತು. ಹಂದಿ ನಾಣ್ಯವನ್ನು ಮೂತಿಯಿಂದ ನೆಲದಲ್ಲಿ ಉರುಳಿಸುತ್ತಿತ್ತು. ಹುಟ್ಟುಗುಣ ಪ್ರತಿಫಲವನ್ನೂ ಮೀರಿ ಮೇಲೆದ್ದು ಬರುತ್ತದೆ ಎಂದು ಅವರು 1961ರಲ್ಲಿ ಬರೆದರು. ನೀವು ನಾಯಿಗೆ ಕಲಿಸುವಾಗಲೂ ಇದು ನೆನಪಿರಲಿ. ಮೂಸುವುದು, ಅಗೆಯುವುದು, ಕಡಿಯುವುದು ಅದರ ದುರ್ಬುದ್ಧಿಯಲ್ಲ, ಹುಟ್ಟುಗುಣ.

ಡಾಲ್ಫಿನ್‌ಗಳಿಗೆ ಪಾಠ ಹೇಳುತ್ತಿದ್ದ ಕ್ಯಾರೆನ್ ಪ್ರೈಯರ್ ಈ ಕ್ರಮವನ್ನು ಮತ್ತೆ ನಾಯಿಗಳ ಕಡೆಗೆ ತಂದರು. ಈಜುಕೊಳದ ಡಾಲ್ಫಿನ್ನಿಗೆ ಹಗ್ಗ ಕಟ್ಟಲಾಗದು, ಹೊಡೆಯಲೂ ಆಗದು. ಸಿಳ್ಳೆ ಮತ್ತು ಮೀನು ಎರಡೇ ಉಪಕರಣ. ಅವರ ಪುಸ್ತಕ 1984ರಲ್ಲಿ ಬಂತು, 1990ರ ದಶಕದಲ್ಲಿ ‘ಕ್ಲಿಕ್ಕರ್’ ಜಗತ್ತಿನ ಹಲವೆಡೆ ಹರಡಿತು. ಹಾಗೆಂದು ಆ ಪುಟ್ಟ ಡಬ್ಬಿಯಲ್ಲಿ ಮಂತ್ರವೇನೂ ಇಲ್ಲ. ಕ್ಲಿಕ್ಕರ್ ಸದ್ದು, ಬಾಯಿಮಾತು, ಬರಿಯ ತಿನಿಸು ಇವುಗಳನ್ನು ಹೋಲಿಸಿ 2016ರಲ್ಲಿ ಇಟಲಿಯಲ್ಲಿ ನಡೆದ ಪ್ರಯೋಗದಲ್ಲಿ ನಾಯಿಗಳ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕ್ಲಿಕ್ಕರ್ ಇಲ್ಲದಿದ್ದರೆ ಒಂದೇ ಬಗೆಯಲ್ಲಿ ಚುಟುಕಾಗಿ ಹೇಳುವ ‘ಹೂಂ’ ಎಂಬ ಮಾತೂ ನಡೆದೀತು.

ತೋಳದಿಂದ ಬಂದ ತಪ್ಪು ಪಾಠ

ವಿಜ್ಞಾನ ಹೀಗೆ ಕೋಲನ್ನು ಕೆಳಗಿಡಿಸುತ್ತಿದ್ದಾಗಲೇ, ವಿಜ್ಞಾನದ ಹೆಸರಿನಲ್ಲೇ ಅದು ಮತ್ತೆ ಕೈಗೆ ಬಂತು. ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಸರ್ಲೆಂಡಿನ ಬಾಸೆಲ್ ಪ್ರಾಣಿಸಂಗ್ರಹಾಲಯದ ತೋಳಗಳನ್ನು ಗಮನಿಸಿ 1947ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಇಕ್ಕಟ್ಟಾದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳು ಮೇಲುಗೈಗಾಗಿ ಕಾದಾಡುತ್ತಿದ್ದವು. ಗೆದ್ದದ್ದು ‘ಆಲ್ಫಾ’. ಡೇವಿಡ್ ಮೀಚ್ ಎಂಬ ತೋಳತಜ್ಞರ 1970ರ ಪುಸ್ತಕದಿಂದ ಈ ಮಾತು ಜನಪ್ರಿಯವಾಯಿತು. ನಾಯಿ ತೋಳದ ವಂಶ, ಆದ್ದರಿಂದ ನಾಯಿ ಮನೆಯಲ್ಲಿ ಯಜಮಾನಿಕೆಗಾಗಿ ಹವಣಿಸುತ್ತದೆ, ಅದನ್ನು ಅಂಗಾತ ಕೆಡವಿ ಅದುಮಿ ನಾವೇ ಆಲ್ಫಾ ಎಂದು ತೋರಿಸಬೇಕು ಎಂಬ ಸಲಹೆ ತರಬೇತಿ ಪುಸ್ತಕಗಳಿಗೆ ಹೊಕ್ಕಿತು.

ಮುಂದೆ ಮೀಚ್ 1986ರಿಂದ ಕೆನಡದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳನ್ನು ಬೇಸಗೆಗೊಮ್ಮೆ ಹತ್ತಿರದಿಂದ ನೋಡಿದರು. ಅಲ್ಲಿ ಕಂಡದ್ದೇ ಬೇರೆ. ಸಹಜ ಸ್ಥಿತಿಯ ತೋಳದ ಗುಂಪು ಎಂದರೆ ತಂದೆ, ತಾಯಿ ಹಾಗೂ ಮಕ್ಕಳ ಒಂದು ಸಂಸಾರ. ‘ಆಲ್ಫಾ’ ಎನಿಸಿದ್ದವು ಬರಿಯ ಅಪ್ಪ, ಅಮ್ಮ. 1999ರಲ್ಲಿ ಅವರೇ ಪ್ರಬಂಧ ಬರೆದು ಆ ಪದವನ್ನು ಕೈಬಿಡಬೇಕೆಂದರು. ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರನ್ನು ಕೇಳುತ್ತ ಬಂದರು. 2022ರಲ್ಲಿ ಅದು ನಿಂತಿತು. ತಾನೇ ಹರಡಿದ ಮಾತನ್ನು ಹೊಸ ಸಾಕ್ಷ್ಯದೆದುರು ಹಿಂತೆಗೆದುಕೊಳ್ಳುವ ಈ ನಡೆ ವಿಜ್ಞಾನದ ನಿಜವಾದ ಬಲ. ಆದರೆ ತಿದ್ದುಪಡಿಗಿಂತ ತಪ್ಪೇ ವೇಗವಾಗಿ ಓಡುತ್ತದೆ. ‘ನಾಯಿಗೆ ಯಜಮಾನ ಯಾರೆಂದು ತೋರಿಸಿ’ ಎನ್ನುವವರು ಇಂದಿಗೂ ನಿಮಗೆ ಸಿಗುತ್ತಾರೆ.

ನಂಟನ್ನು ಅಳೆಯಬಹುದೇ?

ತರಬೇತಿಯ ಲೆಕ್ಕವೆಲ್ಲ ತಿನಿಸಿನದೇ ಆದರೆ ಪ್ರೀತಿಯ ಮಾತು ಎಲ್ಲಿ ಬಂತು? ಇದು ನ್ಯಾಯವಾದ ಪ್ರಶ್ನೆ. ಹಂಗೇರಿಯ ಬುಡಾಪೆಸ್ಟಿನ ಸಂಶೋಧಕರು ಎಳೆಮಕ್ಕಳು ತಾಯಿಗೆ ಎಷ್ಟು ಅಂಟಿಕೊಂಡಿವೆ ಎಂದು ನೋಡುವ ಪರೀಕ್ಷೆಯನ್ನೇ 51 ನಾಯಿಗಳು ಮತ್ತು ಅವುಗಳ ಯಜಮಾನರ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದರು. ಅಪರಿಚಿತ ಕೋಣೆಯಲ್ಲಿ ಯಜಮಾನರಿದ್ದಾಗ ನಾಯಿ ಆಡುತ್ತದೆ, ಸುತ್ತಾಡುತ್ತದೆ. ಅವರು ಹೊರಟರೆ ಬಾಗಿಲ ಬಳಿ ನಿಲ್ಲುತ್ತದೆ. ಮಕ್ಕಳಲ್ಲಿ ಕಾಣುವ ನಡವಳಿಕೆಯನ್ನೇ ಇದು ಹೋಲುತ್ತಿತ್ತು. ಅದೇ ತಂಡದ ಮಿಕ್ಲೋಶಿ ಮತ್ತು ಸಂಗಡಿಗರು 2003ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಬಿಡಿಸಲಾಗದ ಸಮಸ್ಯೆ ಎದುರಾದಾಗ ನಾಯಿ ತಿರುಗಿ ಮನುಷ್ಯನ ಮುಖ ನೋಡುತ್ತದೆ. ಮನುಷ್ಯರ ಕೈಯಲ್ಲೇ ಬೆಳೆದ ತೋಳ ಹಾಗೆ ನೋಡುವುದು ತೀರ ಕಡಮೆ.

ಜಪಾನಿನ ಸಂಶೋಧಕರು 2015ರಲ್ಲಿ ಆ ನೋಟದ ರಾಸಾಯನಿಕ ಜಾಡನ್ನೂ ಹಿಡಿದರು. ಅರ್ಧ ಗಂಟೆ ಒಟ್ಟಿಗಿದ್ದಾಗ ಹೆಚ್ಚು ಹೊತ್ತು ಪರಸ್ಪರ ಕಣ್ಣು ನೋಡಿಕೊಂಡ ಜೋಡಿಗಳಲ್ಲಿ ನಾಯಿ, ಯಜಮಾನ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರಿತ್ತು. ತಾಯಿ ಮತ್ತು ಕೂಸಿನ ನಂಟಿನಲ್ಲಿ ಪಾತ್ರವಹಿಸುವುದೂ ಇದೇ ಹಾರ್ಮೋನು. ತೋಳಗಳಲ್ಲಿ ಈ ಪರಿಣಾಮ ಕಾಣಲಿಲ್ಲ.

ಭೌತವಿಜ್ಞಾನಿಗಳಿಗೆ ಹೆಮ್ಮೆ ತರುವ ಪ್ರಯೋಗ ಅಮೆರಿಕದ ಎಮೊರಿ ವಿಶ್ವವಿದ್ಯಾನಿಲಯದ್ದು. ಗ್ರೆಗರಿ ಬರ್ನ್ಸ್ 2012ರಲ್ಲಿ ಎಚ್ಚರವಾಗಿರುವ ನಾಯಿಗಳ ಮಿದುಳಿನ ಎಂಆರ್‌ಐ ಚಿತ್ರಣವನ್ನು ಪ್ರಕಟಿಸಿದರು. ಕಾಂತಕ್ಷೇತ್ರದ ಆ ಯಂತ್ರ ಕಿವಿ ಗಡಚಿಕ್ಕುವ ಸದ್ದು ಮಾಡುತ್ತದೆ. ಅದರೊಳಗೆ ತಲೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಅಲುಗಿದರೂ ಚಿತ್ರ ಕೆಡುತ್ತದೆ. ಕಟ್ಟಿಹಾಕದೆ, ಮದ್ದು ಕೊಡದೆ, ಹಂತಹಂತದ ಪ್ರತಿಫಲದಿಂದಲೇ ನಾಯಿಗಳಿಗೆ ಗಲ್ಲ ಊರಿ ಮಲಗಲು ಕಲಿಸಿದ್ದರು. ಬೇಡವೆನಿಸಿದರೆ ಎದ್ದು ಹೋಗುವ ಸ್ವಾತಂತ್ರ್ಯ ಅವುಗಳಿಗಿತ್ತು. ಪಾವ್ಲೊವ್ ಕಾಲದ ಪಟ್ಟಿಗಳಿಂದ ಇಲ್ಲಿಗೆ ಎಷ್ಟು ದೂರ ಬಂದಿದ್ದೇವೆ ನೋಡಿ! 2016ರಲ್ಲಿ ಇದೇ ತಂಡ ತಿನಿಸಿಗೂ ಯಜಮಾನರ ಮೆಚ್ಚುಗೆಗೂ ಮಿದುಳು ಹೇಗೆ ಸ್ಪಂದಿಸುತ್ತದೆ ಎಂದು ಹೋಲಿಸಿತು. 15 ನಾಯಿಗಳಲ್ಲಿ 13ರಲ್ಲಿ ಮೆಚ್ಚುಗೆಯ ಸ್ಪಂದನ ತಿನಿಸಿನದಕ್ಕೆ ಸಮವಾಗಿತ್ತು ಅಥವಾ ಮೀರಿತ್ತು.

ಇದು ಮನೆಯೊಳಗೆ ಮುದ್ದಿನಿಂದ ಬೆಳೆದ ನಾಯಿಗಳ ಮಾತಾಯಿತು ಎನ್ನಬೇಡಿ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ವಿದ್ಯಾರ್ಥಿಗಳು ನಮ್ಮ ಬೀದಿನಾಯಿಗಳನ್ನೇ ಅಭ್ಯಸಿಸಿದ್ದಾರೆ. ಅಪರಿಚಿತರು ಮತ್ತೆ ಮತ್ತೆ ಭೇಟಿಯಾದಾಗ ಒಂದಷ್ಟು ನಾಯಿಗಳಿಗೆ ತಿನಿಸು ಕೊಟ್ಟರು, ಇನ್ನಷ್ಟು ನಾಯಿಗಳ ತಲೆ ಸವರಿದರು. ತಿನಿಸಿಗಿಂತ ತಲೆ ಸವರಿದ್ದರಿಂದಲೇ ನಂಬಿಕೆ ಹೆಚ್ಚು ಬೆಳೆಯಿತು ಎಂದು 2017ರಲ್ಲಿ ಅವರು ವರದಿ ಮಾಡಿದರು. 2020ರ ಇನ್ನೊಂದು ಅಧ್ಯಯನದಲ್ಲಿ, ಹತ್ತಿರ ಬಂದ ಬೀದಿನಾಯಿಗಳಲ್ಲಿ ಸುಮಾರು ಶೇ. 80ರಷ್ಟು, ಯಾವ ತರಬೇತಿಯೂ ಇಲ್ಲದೆ, ಅಪರಿಚಿತರು ಕೈತೋರಿಸಿದ ಬಟ್ಟಲ ಕಡೆಗೇ ನಡೆದವು. ಹತ್ತಿರ ಬಾರದೆ ದೂರ ಉಳಿದವೂ ಹಲವು. ಅವು ಅಂಜಿಕೆಯ ನಾಯಿಗಳು. ಮನುಷ್ಯರಿಂದ ಅವುಗಳಿಗೆ ಆದ ಅನುಭವವೇ ಇದಕ್ಕೆ ಕಾರಣವಿರಬಹುದು.

ನಿಮ್ಮ ಮನೆಯಲ್ಲಿ

ಶಿಕ್ಷೆಯಿಂದ ನಾಯಿ ಕಲಿಯುವುದೇ ಇಲ್ಲ ಎಂದಲ್ಲ. ಕಲಿಯುತ್ತದೆ. ಅದಕ್ಕೆ ತೆರುವ ಬೆಲೆ ಎಷ್ಟು ಎಂಬುದು ಪ್ರಶ್ನೆ. ಪೋರ್ಚುಗಲ್‌ನ ಸಂಶೋಧಕರು ತರಬೇತಿ ಶಾಲೆಗಳ 92 ನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದಂಡನೆಯನ್ನೇ ಹೆಚ್ಚಾಗಿ ನಂಬಿದ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ, ಪಾಠದ ಬಳಿಕ, ಒತ್ತಡ ಸೂಚಿಸುವ ಕಾರ್ಟಿಸೋಲ್ ಹೆಚ್ಚಾಗಿತ್ತು. ತಿನಿಸು ಇದೆಯೋ ಇಲ್ಲವೋ ಎಂಬ ಅನುಮಾನದ ಜಾಗದಲ್ಲಿಟ್ಟ ಬಟ್ಟಲ ಬಳಿಗೆ ಅವು ಹಿಂಜರಿಯುತ್ತ ನಡೆದವು. ಒಳ್ಳೆಯದು ಆದೀತು ಎಂಬ ನಿರೀಕ್ಷೆಯೇ ಅವುಗಳಲ್ಲಿ ಕುಗ್ಗಿತ್ತು.

ಹಾಗಾದರೆ ಈ ಇತಿಹಾಸದಿಂದ ನೀವು ಮನೆಗೆ ಒಯ್ಯಬಹುದಾದದ್ದೇನು? ಮೊದಲನೆಯದು ಸಮಯ. ಮೆಚ್ಚುಗೆ ಕ್ರಿಯೆಯ ಬೆನ್ನಲ್ಲೇ ಬರಲಿ. ಎರಡನೆಯದು, ಕರೆದಾಗ ಹತ್ತಿರ ಬಂದ ನಾಯಿಗೆ, ಎಷ್ಟೇ ತಡವಾಗಿ ಬಂದಿರಲಿ, ಏಟು ಬೇಡ. ಮೂರನೆಯದು, ಪಾಠವನ್ನು ಚಿಕ್ಕ ಹಂತಗಳಾಗಿ ಒಡೆಯಿರಿ. ನಾಯಿ ಪದೇ ಪದೇ ತಪ್ಪಿದರೆ ಹಂತ ದೊಡ್ಡದಾಯಿತೆಂದು ತಿಳಿಯಿರಿ. ನಾಲ್ಕನೆಯದು, ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಿ. ಒಬ್ಬರು ‘ಕೂತ್ಕೋ’, ಇನ್ನೊಬ್ಬರು ‘ಸಿಟ್’, ಮತ್ತೊಬ್ಬರು ‘ಕುಳಿತುಕೋ ಮರಿ’ ಎಂದರೆ ಅದಕ್ಕೆ ಅವು ಮೂರು ಬೇರೆ ಬೇರೆ ಸದ್ದುಗಳು.

ಐದನೆಯದು ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಫ್ರೀಡ್‌ಮನ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಮರಿಗಳನ್ನು ಎತ್ತರದ ಬೇಲಿಯ ಹೊಲದಲ್ಲಿ ತಾಯಿಯೊಂದಿಗೆ ಬೆಳೆಸಿದರು. ಕೆಲವು ಮರಿಗಳನ್ನು ಬೇರೆಬೇರೆ ವಯಸ್ಸಿನಲ್ಲಿ ಒಂದು ವಾರ ಮಾತ್ರ ಮನುಷ್ಯರ ಒಡನಾಟಕ್ಕೆ ತಂದರು. 14 ವಾರ ತುಂಬುವವರೆಗೂ ಮನುಷ್ಯರ ಒಡನಾಟವೇ ಸಿಗದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ಹೆದರಿ ಓಡಿದವು. ಮೂರರಿಂದ ಹನ್ನೆರಡು ವಾರಗಳ ಆ ಕಿಟಕಿ ಒಮ್ಮೆ ಮುಚ್ಚಿದರೆ ತೆರೆಯುವುದು ಬಲು ಕಷ್ಟ. ಕಾವಲಿಗೆಂದು ಮರಿ ತಂದು ಹಿತ್ತಿಲ ಮೂಲೆಯಲ್ಲಿ ಸರಪಳಿ ಬಿಗಿದರೆ ಕಳೆದುಹೋಗುವುದು ಅದೇ ವಾರಗಳು. ಮರಿ ನಿಮ್ಮ ಮನೆಗೆ ಬಂದಿದ್ದರೆ ಪಶುವೈದ್ಯರಲ್ಲಿ ಲಸಿಕೆಯ ದಿನಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಜತೆಗೆ ಅಜ್ಜಿ, ಮಕ್ಕಳು, ಹಾಲಿನವರು, ಪೇಪರಿನವರು ಎಲ್ಲರ ಕೈಯಿಂದಲೂ ಅದು ತಲೆ ಸವರಿಸಿಕೊಳ್ಳಲಿ. ಇವೆರಡಕ್ಕೂ ಈ ವಾರವೇ ಸರಿಯಾದ ವಾರ.